ಭಾರೀ ಪಿಕಪ್‌ಗೆ ಡ್ರ್ಯಾಗ್ ಟೈರ್ ಮತ್ತು ಚಕ್ರ ಹಾಕುವ ಕ್ರಮ: ಮೊದಲು ತೂಕದ ಲೆಕ್ಕ, ಆಮೇಲೆ ಹಿಡಿತ

ಭಾರೀ ಪಿಕಪ್ ಟ್ರಕ್ಕಿಗೆ ಯಾವ ಡ್ರ್ಯಾಗ್ ಟೈರ್ ಹೊಂದುತ್ತದೆ ಎಂದು ಓದುಗರು ಪದೇ ಪದೇ ಕೇಳುತ್ತಾರೆ. ಹೀಗೆ ಕೇಳುವವರಲ್ಲಿ ಬಹುಮಂದಿಗೆ ಬೇಕಾಗಿರುವುದು ಹಿಡಿತದ ವಿವರ. ಆ ಟೈರು ತಮ್ಮ ವಾಹನದ ತೂಕವನ್ನು ಹೊತ್ತೀತೇ ಎಂದು ವಿಚಾರಿಸುವವರು ಕಡಿಮೆ. ನಿಂತಲ್ಲಿಂದ ಹೊರಟು 201 ಅಥವಾ 402 ಮೀಟರ್ ನೇರ ಪಥವನ್ನು ಆದಷ್ಟು ಬೇಗ ಮುಗಿಸುವ ಡ್ರ್ಯಾಗ್ ಓಟಕ್ಕೆಂದು ತಯಾರಾಗುವ ಟೈರುಗಳೂ ಹಗುರ ಚಕ್ರಗಳೂ ಹೆಚ್ಚಾಗಿ ಕಾರುಗಳ ತೂಕಕ್ಕೆ ಹೊಂದುವಂಥವು. ಡೀಸೆಲ್ ಎಂಜಿನ್, ನಾಲ್ಕು ಚಕ್ರ ಚಾಲನೆ ಮತ್ತು ನಾಲ್ಕು ಬಾಗಿಲಿನ ಕ್ಯಾಬಿನ್ ಇರುವ 2500 ಅಥವಾ 3500 ದರ್ಜೆಯ (ಅಮೆರಿಕದ ತಯಾರಕರು ಭಾರೀ ಪಿಕಪ್‌ಗಳಿಗೆ ಕೊಡುವ ಸಂಖ್ಯೆಗಳಿವು) ಪಿಕಪ್ ಖಾಲಿಯಿದ್ದಾಗಲೇ 3,000 ಕಿಲೋ ದಾಟುವುದು ಸಾಮಾನ್ಯ. ಆದ್ದರಿಂದ ಕಾರಿನವರ ಸಲಹೆಯನ್ನು ಹಾಗೆಯೇ ಎತ್ತಿಕೊಂಡು ಬಂದರೆ ಲೆಕ್ಕ ತಪ್ಪುತ್ತದೆ. ಈ ಲೇಖನ ಅಂಥ ಪಿಕಪ್ ಉಳ್ಳವರಿಗಾಗಿ.

ಏನೇನು ಬೇಕು

ವಾಹನದ ತೂಕಕ್ಕೆ ತಕ್ಕ ಸಾಮರ್ಥ್ಯದ ಜಾಕ್, ಅಷ್ಟೇ ಗಟ್ಟಿಯಾದ ಸ್ಟ್ಯಾಂಡ್‌ಗಳು, ಚಕ್ರಕ್ಕೆ ಕೊಡುವ ಅಡ್ಡಗಟ್ಟೆಗಳು, ಕನಿಷ್ಠ 250 ನ್ಯೂಟನ್ ಮೀಟರ್‌ವರೆಗೆ ಅಳೆಯುವ ಟಾರ್ಕ್ ವ್ರೆಂಚ್, ತಂತಿ ಬ್ರಷ್, ಅಳತೆ ಪಟ್ಟಿ, ಉದ್ದನೆಯ ನೇರ ಪಟ್ಟಿ, ಸೀಮೆಸುಣ್ಣ ಅಥವಾ ಬಿಳಿ ಬಣ್ಣದ ಪೆನ್ನು, ಮತ್ತು ಅರ್ಧ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ವ್ಯತ್ಯಾಸವನ್ನೂ ತೋರಿಸುವ ಗಾಳಿಮಾಪಕ ಇಷ್ಟನ್ನು ಮೊದಲೇ ಹೊಂದಿಸಿಕೊಳ್ಳಿ. ವಾಹನದ ಜೊತೆ ಬಂದ ಕೈಪಿಡಿಯೂ ಹತ್ತಿರವಿರಲಿ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಸುವಾಗ ಬಳಸುವ ಮಾಪಕವನ್ನು ಈ ಕೆಲಸಕ್ಕೆ ನೆಚ್ಚಿಕೊಳ್ಳಬೇಡಿ. ಡ್ರ್ಯಾಗ್ ಟೈರಿನಲ್ಲಿ ಒಂದು ಪಿಎಸ್‌ಐ ಹೆಚ್ಚುಕಡಿಮೆಯಾದರೂ ವಾಹನದ ನಡತೆ ಬದಲಾಗುತ್ತದೆ.

1. ಅಚ್ಚುಗಳ (ಆಕ್ಸಲ್) ಮೇಲಿನ ತೂಕವನ್ನು ಬೇರೆಬೇರೆಯಾಗಿ ತೂಗಿಸಿ

ಓಟದ ದಿನ ಇರುವಷ್ಟೇ ಇಂಧನ ತುಂಬಿಸಿ, ಚಾಲಕನನ್ನು ಕೂರಿಸಿ, ವೇ ಬ್ರಿಡ್ಜ್ ಮೇಲೆ ಮುಂದಿನ ಅಚ್ಚನ್ನೊಮ್ಮೆ, ಹಿಂದಿನ ಅಚ್ಚನ್ನೊಮ್ಮೆ ತೂಗಿಸಿ. ಒಟ್ಟು ತೂಕವೊಂದೇ ತಿಳಿದರೆ ಸಾಲದು. ಏಕೆಂದರೆ ಡೀಸೆಲ್ ಎಂಜಿನ್ ಮುಂಭಾಗದಲ್ಲಿದ್ದು ಹಿಂದಿನ ತೊಟ್ಟಿ ಖಾಲಿಯಿರುವುದರಿಂದ ತೂಕದ ದೊಡ್ಡ ಪಾಲು ಮುಂದಿನ ಅಚ್ಚಿನ ಮೇಲೇ ಬೀಳುತ್ತದೆ.

ಒಂದು ಲೆಕ್ಕ ನೋಡೋಣ. 3,200 ಕಿಲೋ ತೂಗುವ ಪಿಕಪ್‌ನಲ್ಲಿ ಮುಂದೆ 1,900, ಹಿಂದೆ 1,300 ಕಿಲೋ ಇದೆ ಎಂದಿಟ್ಟುಕೊಳ್ಳಿ. ನಿಂತಿರುವಾಗ ಮುಂದಿನ ಒಂದೊಂದು ಟೈರಿನ ಮೇಲೆ 950 ಕಿಲೋ, ಹಿಂದಿನ ಒಂದೊಂದರ ಮೇಲೆ 650 ಕಿಲೋ ಇರುತ್ತದೆ. ವಾಹನ ಬಿರುಸಾಗಿ ಹೊರಟಾಗ ತೂಕ ಹಿಂದಕ್ಕೆ ಸರಿಯುತ್ತದೆ. ಹೀಗೆ ಸರಿಯುವ ತೂಕವನ್ನು ತಿಳಿಯಲು ಒಟ್ಟು ತೂಕವನ್ನು ವೇಗೋತ್ಕರ್ಷದಿಂದಲೂ (ಅದು ಗುರುತ್ವದ ಎಷ್ಟು ಪಟ್ಟು ಎಂಬ ಲೆಕ್ಕದಲ್ಲಿ) ಗುರುತ್ವಕೇಂದ್ರದ ಎತ್ತರದಿಂದಲೂ ಗುಣಿಸಿ, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರದಿಂದ ಭಾಗಿಸಬೇಕು. ವೇಗೋತ್ಕರ್ಷ ಗುರುತ್ವದ 0.8 ಪಟ್ಟು, ಗುರುತ್ವಕೇಂದ್ರದ ಎತ್ತರ 0.75 ಮೀಟರ್, ಅಚ್ಚುಗಳ ಅಂತರ 3.8 ಮೀಟರ್ ಎಂದು ಹಿಡಿದರೆ ಸುಮಾರು 505 ಕಿಲೋ ಹಿಂದಕ್ಕೆ ಹೋಗುತ್ತದೆ. ಆಗ ಹಿಂದಿನ ಒಂದೊಂದು ಟೈರಿನ ಮೇಲೆ 900 ಕಿಲೋ ಬೀಳುತ್ತದೆ.

ಇನ್ನು ಟೈರಿನ ಪಕ್ಕದ ಗೋಡೆಯ ಮೇಲಿರುವ ಭಾರ ಸೂಚ್ಯಂಕವನ್ನು ಓದಿ. ಟೈರೊಂದು ಗರಿಷ್ಠ ಎಷ್ಟು ತೂಕ ಹೊರಬಲ್ಲದು ಎಂಬುದನ್ನು ತಿಳಿಸುವ ಸಂಕೇತ ಸಂಖ್ಯೆ ಅದು. 107 ಎಂದರೆ 975 ಕಿಲೋ, 110 ಎಂದರೆ 1,060 ಕಿಲೋ, 125 ಎಂದರೆ 1,650 ಕಿಲೋ. ಇಲ್ಲಿ ಹಲವರು ಮರೆಯುವ ನಿಯಮವೊಂದಿದೆ. ಅಳತೆಯ ಮುಂದೆ ‘ಪಿ’ ಎಂಬ ಅಕ್ಷರವಿದ್ದರೆ ಅದು ಕಾರು ದರ್ಜೆಯ ಟೈರು. ಅದನ್ನು ಪಿಕಪ್‌ಗೆ ಹಾಕುವಾಗ ಸಾಮರ್ಥ್ಯವನ್ನು 1.10ರಿಂದ ಭಾಗಿಸಬೇಕು. ಹಾಗೆ ಭಾಗಿಸಿದಾಗ 107ರ ಟೈರು 886 ಕಿಲೋಗೆ ಇಳಿಯುತ್ತದೆ. ನಮ್ಮ ಉದಾಹರಣೆಯ ಪಿಕಪ್ ನಿಂತಲ್ಲೇ ಅದರ ಮಿತಿಯನ್ನು ಮುಂದಿನ ಅಚ್ಚಿನಲ್ಲಿ ಮೀರಿಬಿಟ್ಟಿದೆ! 110ರ ಟೈರು 964 ಕಿಲೋಗೆ ಇಳಿದು, ಕೇವಲ 14 ಕಿಲೋ ಅಂತರದಲ್ಲಿ ಪಾರಾಗುತ್ತದೆ. ಅಷ್ಟು ಸಣ್ಣ ಅಂತರವನ್ನು ನಾನಾದರೆ ಒಪ್ಪುವುದಿಲ್ಲ. ಕನಿಷ್ಠ ನೂರು ಕಿಲೋ ಕೈಯಲ್ಲಿರಲಿ. ಈ ಸೂಚ್ಯಂಕದ ಲೆಕ್ಕವೂ ಟೈರಿನಲ್ಲಿ ಪೂರ್ತಿ ಗಾಳಿ ಇರುವಾಗಿನದು ಎಂಬುದು ನೆನಪಿರಲಿ. ಗಾಳಿ ಇಳಿದಂತೆ ಹೊರುವ ಶಕ್ತಿಯೂ ಇಳಿಯುತ್ತದೆ. ಪಥಕ್ಕೆಂದು ಇಳಿಸಿದ ಗಾಳಿಯಲ್ಲಿ ರಸ್ತೆಯ ಮೇಲೆ ಓಡಿಸಕೂಡದು ಎನ್ನುವುದಕ್ಕೆ ಇದೇ ಮೊದಲ ಕಾರಣ.

2. ಟೈರಿನ ಬಗೆಯನ್ನು ನಿರ್ಧರಿಸಿ

ಮುಖ್ಯವಾಗಿ ಎರಡು ಬಗೆಗಳಿವೆ. ಡ್ರ್ಯಾಗ್ ರೇಡಿಯಲ್ ಎಂಬುದು ಸಾಮಾನ್ಯ ಟೈರಿನಂತೆಯೇ ರೇಡಿಯಲ್ ರಚನೆಯಿದ್ದು (ಒಳಗಿನ ನೂಲುಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರ ಅಡ್ಡಲಾಗಿ ಹಾಯ್ದಿರುತ್ತವೆ), ಮೆತ್ತನೆಯ ರಬ್ಬರಿನ ಮೇಲೆ ಕೆಲವೇ ಗೀರುಗಳಿರುವ ಟೈರು; ಇವುಗಳಲ್ಲಿ ಅನೇಕವು ರಸ್ತೆಗೂ ಅನುಮತಿ ಪಡೆದಿರುತ್ತವೆ. ಸ್ಲಿಕ್ ಎಂದರೆ ಗೀರುಗಳೇ ಇಲ್ಲದ, ಪಥಕ್ಕೆ ಮಾತ್ರ ಸೀಮಿತವಾದ ಟೈರು. ಇದು ಸಾಮಾನ್ಯವಾಗಿ ಬಯಾಸ್ ರಚನೆಯದು, ಅಂದರೆ ಒಳಗಿನ ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ದಾಟುವಂತೆ ಹೆಣೆದದ್ದು. ಅದರ ಪಕ್ಕದ ಗೋಡೆ ಹೊರಡುವಾಗ ಸುಕ್ಕುಗಟ್ಟಿ ಹೊಡೆತವನ್ನು ನುಂಗುತ್ತದೆ, ವೇಗ ಏರಿದಾಗ ಟೈರು ಸ್ವಲ್ಪ ಉಬ್ಬಿ ವ್ಯಾಸವೂ ಹೆಚ್ಚುತ್ತದೆ.

ಪಿಕಪ್ ಭಾರವಿದ್ದಷ್ಟೂ ಡ್ರ್ಯಾಗ್ ರೇಡಿಯಲ್ ಕಡೆಗೆ ವಾಲುವುದು ಲೇಸು. ಎತ್ತರದ ಗುರುತ್ವಕೇಂದ್ರವುಳ್ಳ, ಮೂರು ಟನ್ನಿಗೂ ಮೀರಿದ ವಾಹನವನ್ನು ಮೆದು ಗೋಡೆಯ ಸ್ಲಿಕ್ ಮೇಲೆ ನಿಲ್ಲಿಸಿದರೆ ಪಥದ ಕೊನೆಯ ಭಾಗದಲ್ಲಿ ಅದು ಅಕ್ಕಪಕ್ಕಕ್ಕೆ ತೂಗಾಡತೊಡಗುತ್ತದೆ. ಒಂದು ಅಚ್ಚಿಗೆ ರೇಡಿಯಲ್, ಇನ್ನೊಂದಕ್ಕೆ ಬಯಾಸ್ ಹಾಕಿದರೆ ಈ ತೊಂದರೆ ಇನ್ನೂ ಹೆಚ್ಚುತ್ತದೆ. ನಾಲ್ಕು ಚಕ್ರ ಚಾಲನೆಯ ಪಿಕಪ್‌ಗೆ ನಾಲ್ಕೂ ಟೈರುಗಳು ಒಂದೇ ತಯಾರಿಕೆಯ, ಒಂದೇ ಅಳತೆಯ, ಒಂದೇ ಮಟ್ಟಕ್ಕೆ ಸವೆದ ಟೈರುಗಳಾಗಿರಬೇಕು. ಮುಂದಿನ ಮತ್ತು ಹಿಂದಿನ ಅಚ್ಚುಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಎರಡನ್ನೂ ಒಂದೇ ವೇಗದಲ್ಲಿ ತಿರುಗಿಸುತ್ತದೆ. ಟೈರುಗಳ ಸುತ್ತಳತೆ ಬೇರೆಬೇರೆಯಾದರೆ ಹಿಡಿತವುಳ್ಳ ಪಥದ ಮೇಲೆ ಆ ವ್ಯತ್ಯಾಸ ಎಲ್ಲಿಯೂ ಜಾರಿ ಹೋಗಲಾರದೆ ಟ್ರಾನ್ಸ್‌ಫರ್ ಕೇಸಿನ ಸರಪಳಿ, ಗೇರುಗಳ ಮೇಲೆಯೇ ಬೀಳುತ್ತದೆ.

ಇನ್ನೊಂದು ಮಾತು. ಈ ಟೈರುಗಳಲ್ಲಿ ಟ್ರೇಲರ್ ಎಳೆಯಬೇಡಿ, ಮಳೆಯಲ್ಲಿ ಓಡಿಸಬೇಡಿ. ರಸ್ತೆಗೆ ಅನುಮತಿ ಇದೆ ಎಂದ ಮಾತ್ರಕ್ಕೆ ನೀರು ನಿಂತ ರಸ್ತೆಗೂ ಅದು ಯೋಗ್ಯವೆಂದು ಅರ್ಥವಲ್ಲ.

3. ವ್ಯಾಸ ಮತ್ತು ಗೇರಿನ ಲೆಕ್ಕ ಹಾಕಿ

ಟೈರಿನ ವ್ಯಾಸ ತಿಳಿಯಲು ಅಗಲವನ್ನು ಶೇಕಡಾವಾರು ಎತ್ತರದಿಂದ ಗುಣಿಸಿ, ಎರಡರಿಂದ ಗುಣಿಸಿ, ರಿಮ್ಮಿನ ವ್ಯಾಸವನ್ನು ಕೂಡಿಸಬೇಕು. ಒಂದು ಇಂಚಿಗೆ 25.4 ಮಿಲಿಮೀಟರ್. 275/70 ಆರ್ 18 ಅಳತೆಯ (275 ಮಿಲಿಮೀಟರ್ ಅಗಲ, ಅದರ ಶೇಕಡಾ 70ರಷ್ಟು ಎತ್ತರದ ಪಕ್ಕದ ಗೋಡೆ, 18 ಇಂಚಿನ ರಿಮ್) ಸಾಮಾನ್ಯ ಟೈರಿನ ವ್ಯಾಸ ಹೀಗೆ ಸುಮಾರು 842 ಮಿಲಿಮೀಟರ್ ಆಗುತ್ತದೆ. 275/60 ಆರ್ 17 ಅಳತೆಯದು 762 ಮಿಲಿಮೀಟರ್.

ಈ 80 ಮಿಲಿಮೀಟರ್ ಇಳಿಕೆಯಿಂದ ವಾಹನ ಹೊರಡುವಾಗ ಚುರುಕಾಗುತ್ತದೆ, ಏಕೆಂದರೆ 3.73ರ ಅಚ್ಚಿನ ಗೇರ್ ಅನುಪಾತ 4.12ರಂತೆ ವರ್ತಿಸುತ್ತದೆ. ಆದರೆ ಡೀಸೆಲ್ ಉಳ್ಳವರು ಪಥದ ಇನ್ನೊಂದು ತುದಿಯನ್ನೂ ನೋಡಬೇಕು. ನೇರ ಗೇರಿನಲ್ಲಿ, ಅಂದರೆ ಗೇರ್‌ಬಾಕ್ಸಿನ ಅನುಪಾತ 1:1 ಇರುವಾಗ, ಗಂಟೆಗೆ 150 ಕಿಲೋಮೀಟರ್ ವೇಗಕ್ಕೆ ದೊಡ್ಡ ಟೈರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3,500 ಸುತ್ತು ತಿರುಗಿದರೆ, ಸಣ್ಣ ಟೈರಿನಲ್ಲಿ 3,900 ಸುತ್ತು ತಿರುಗಬೇಕಾಗುತ್ತದೆ. ಮಾರ್ಪಾಡಾಗದ ಭಾರೀ ಡೀಸೆಲ್ ಎಂಜಿನ್ ಅಷ್ಟು ಸುತ್ತು ತಿರುಗದು. ಆಗ ಮುಕ್ತಾಯದ ಗೆರೆ ಇನ್ನೂ ದೂರವಿರುವಾಗಲೇ ಗೇರ್ ಬದಲಾಗಿ ಓವರ್‌ಡ್ರೈವ್‌ಗೆ, ಅಂದರೆ ಎಂಜಿನ್ ಕಡಿಮೆ ಸುತ್ತು ತಿರುಗುವ ಮೇಲಿನ ಗೇರಿಗೆ, ಹೋಗುತ್ತದೆ, ಹೊರಡುವಾಗ ಗಳಿಸಿದ ಸಮಯದ ಒಂದು ಪಾಲು ಅಲ್ಲಿ ಹೋಗುತ್ತದೆ. 201 ಮೀಟರ್ ಓಡುವವರಿಗೆ ಸಣ್ಣ ಟೈರು ಒಳ್ಳೆಯದು. 402 ಮೀಟರ್ ಓಡುವವರು ತಮ್ಮ ಗೆರೆ ದಾಟುವ ವೇಗವನ್ನು ಇಟ್ಟುಕೊಂಡು ಈ ಲೆಕ್ಕ ಮಾಡಿಯೇ ಟೈರು ಆರಿಸಲಿ.

ಟೈರು ಚಿಕ್ಕದಾದಾಗ ಸ್ಪೀಡೋಮೀಟರ್ ಹೆಚ್ಚು ತೋರಿಸುತ್ತದೆ: ಮುಳ್ಳು 100ರಲ್ಲಿದ್ದರೆ ನಿಜವಾದ ವೇಗ 90ರ ಆಸುಪಾಸು. ಸ್ವಯಂಚಾಲಿತ ಗೇರ್ ಬದಲಾವಣೆಯೂ ಸ್ಥಿರತಾ ನಿಯಂತ್ರಣವೂ ಇದೇ ಮಾಹಿತಿಯನ್ನು ಬಳಸುವುದರಿಂದ ಹೊಸ ಸುತ್ತಳತೆಯನ್ನು ವಾಹನದ ಕಂಪ್ಯೂಟರಿಗೆ ತಿಳಿಸಿ.

4. ಚಕ್ರವನ್ನು ಆರಿಸಿ

ಹಣ ಪೋಲಾಗುವುದು ಹೆಚ್ಚಾಗಿ ಈ ಹಂತದಲ್ಲಿ. ಎಂಟು ಸ್ಟಡ್‌ಗಳ, ಅಂದರೆ ಚಕ್ರವನ್ನು ಹಿಡಿಯುವ ಎಂಟು ಬೋಲ್ಟ್‌ಗಳ, ಚಕ್ರ ಎಂದರೆ ಎಲ್ಲವೂ ಒಂದೇ ಎಂಬ ಭಾವನೆ ವ್ಯಾಪಕವಾಗಿದೆ. ಆದರೆ ಸ್ಟಡ್‌ಗಳು ನಿಂತಿರುವ ವೃತ್ತದ ವ್ಯಾಸ ರ‍್ಯಾಮ್ 2500ರಲ್ಲಿ 165.1 ಮಿಲಿಮೀಟರ್, 1999ರಿಂದೀಚಿನ ಫೋರ್ಡ್ ಸೂಪರ್ ಡ್ಯೂಟಿಯಲ್ಲಿ 170, 2011ರಿಂದೀಚಿನ ಶೆವ್ರೊಲೆ ಸಿಲ್ವರಾಡೊ 2500 ಎಚ್‌ಡಿಯಲ್ಲಿ 180. ಐದು ಮಿಲಿಮೀಟರ್ ತಾನೇ ಎಂದು ಬಿಗಿದು ಕೂರಿಸಲು ಹೋಗಬೇಡಿ. ಸ್ಟಡ್‌ಗಳು ಬಾಗಿ, ಓಟದ ನಡುವೆ ಮುರಿಯುತ್ತವೆ. ಅಳತೆ ಹೊಂದಿಸುವ ಅಡಾಪ್ಟರ್‌ಗಳು ಸಿಗುತ್ತವೆಯಾದರೂ ಇಷ್ಟು ತೂಕದ, ಇಷ್ಟು ತಿರುಚುಬಲದ ವಾಹನಕ್ಕೆ ನಾನು ಅವನ್ನು ಹೇಳುವುದಿಲ್ಲ.

ಡ್ರ್ಯಾಗ್ ಕಾರುಗಳ ಅಚ್ಚುಮೆಚ್ಚಿನ 15 ಇಂಚಿನ ಚಕ್ರ ಇಂದಿನ ಭಾರೀ ಪಿಕಪ್‌ಗಳ ದೊಡ್ಡ ಬ್ರೇಕ್ ಡಿಸ್ಕ್ ಮತ್ತು ಆ ಡಿಸ್ಕನ್ನು ಒತ್ತಿಹಿಡಿಯುವ ಕ್ಯಾಲಿಪರ್‌ಗಳ ಮೇಲೆ ಕೂರುವುದಿಲ್ಲ. ಹೆಚ್ಚಿನವಕ್ಕೆ 17 ಇಂಚು ಕನಿಷ್ಠ, ಕೆಲವಕ್ಕೆ 18. ಚಕ್ರ ಕೂರಲೆಂದು ಕ್ಯಾಲಿಪರನ್ನು ಉಜ್ಜಿ ಸವೆಸುವವರೂ ಇದ್ದಾರೆ. ಮೂರು ಟನ್ ತೂಕವನ್ನು ನಿಲ್ಲಿಸಬೇಕಾದ ಭಾಗದ ಮೇಲೆ ಅರ ಹಾಕಬಾರದು.

ನಂತರ ಆಫ್‌ಸೆಟ್ ಮತ್ತು ಬ್ಯಾಕ್‌ಸ್ಪೇಸಿಂಗ್. ಚಕ್ರವು ಹಬ್‌ಗೆ (ಅಚ್ಚಿನ ತುದಿಯಲ್ಲಿ ಚಕ್ರ ಕೂರುವ ಭಾಗ) ತಾಗುವ ಮುಖ ರಿಮ್ಮಿನ ನಟ್ಟನಡುವಿನಿಂದ ಎಷ್ಟು ಹೊರಗೆ (ಧನ) ಅಥವಾ ಒಳಗೆ (ಋಣ) ಇದೆ ಎಂಬುದು ಆಫ್‌ಸೆಟ್. ಅದೇ ಮುಖದಿಂದ ರಿಮ್ಮಿನ ಒಳ ಅಂಚಿನವರೆಗಿನ ದೂರ ಬ್ಯಾಕ್‌ಸ್ಪೇಸಿಂಗ್. 10 ಇಂಚು ಅಗಲ ಎಂದು ಬರೆದಿರುವ ರಿಮ್ಮಿನ ಹೊರ ಅಂಚುಗಳ ನಡುವೆ ಅಳೆದರೆ ಸುಮಾರು 11 ಇಂಚು, ಅಂದರೆ 280 ಮಿಲಿಮೀಟರ್ ಇರುತ್ತದೆ. ಅದರ ಅರ್ಧ 140; ಆಫ್‌ಸೆಟ್ ಸೊನ್ನೆಯಾದರೆ ಬ್ಯಾಕ್‌ಸ್ಪೇಸಿಂಗ್ 140, ಆಫ್‌ಸೆಟ್ ಋಣ 24 ಆದರೆ 116. ಬ್ಯಾಕ್‌ಸ್ಪೇಸಿಂಗ್ ಹೆಚ್ಚಾದರೆ ಟೈರು ಒಳಗೆ ಕಮಾನು ಪಟ್ಟಿಗೆ (ಲೀಫ್ ಸ್ಪ್ರಿಂಗ್) ಉಜ್ಜುತ್ತದೆ, ಕಡಿಮೆಯಾದರೆ ಹೊರಗೆ ಮಡ್‌ಗಾರ್ಡಿಗೆ ತಾಗುತ್ತದೆ, ಜೊತೆಗೆ ಹಬ್ ಬೇರಿಂಗ್ ಮೇಲಿನ ಭಾರವೂ ಹೆಚ್ಚುತ್ತದೆ.

ಚಕ್ರದ ಒಳಮೈ ಮೇಲೆ ಅಚ್ಚೊತ್ತಿರುವ ಗರಿಷ್ಠ ಭಾರವನ್ನು ಟೈರಿನದ್ದರಷ್ಟೇ ಗಂಭೀರವಾಗಿ ನೋಡಿ. ಎಂಟು ತೂತುಗಳಿದ್ದೂ ಹಗುರ ವಾಹನಕ್ಕೆಂದೇ ಲೆಕ್ಕ ಹಾಕಿದ ಓಟದ ಚಕ್ರಗಳು ಇರಬಹುದು. ಭಾರದ ಅಂಕಿಯೇ ಕಾಣದ ಬಳಸಿದ ಚಕ್ರವನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ. ಹಿಂದೆ ಜೋಡಿ ಚಕ್ರಗಳಿರುವ ಪಿಕಪ್‌ನ ಹಬ್ ರಚನೆ ಬೇರೆಯೇ ಆದ್ದರಿಂದ ಈ ಲೇಖನದ ಅಳತೆಗಳು ಅದಕ್ಕೆ ಅನ್ವಯಿಸುವುದಿಲ್ಲ.

5. ಟೈರ್ ಇಲ್ಲದೆ ಚಕ್ರವನ್ನು ಕೂರಿಸಿ ನೋಡಿ

ಟೈರನ್ನು ಏರಿಸಿದ ಮೇಲೆ ಚಕ್ರವನ್ನು ಹಿಂದಿರುಗಿಸುವುದು ಕಷ್ಟ. ಆದ್ದರಿಂದ ಖಾಲಿ ಚಕ್ರವನ್ನೇ ಹಬ್‌ಗೆ ಕೂರಿಸಿ, ಕೈಯಿಂದ ನಿಧಾನವಾಗಿ ತಿರುಗಿಸಿ, ಕ್ಯಾಲಿಪರ್ ಎಲ್ಲಿಯಾದರೂ ತಾಗುತ್ತದೆಯೇ ಎಂದು ನೋಡಿ. ಚಕ್ರದ ನಡುವಿನ ತೂತು ಹಬ್‌ನ ದುಂಡು ಅಂಚಿನ ಮೇಲೆ ಆಟವಿಲ್ಲದೆ ಕೂರಬೇಕು.

ನಟ್‌ಗಳ ವಿಷಯಕ್ಕೆ ಬನ್ನಿ. ಕಾರ್ಖಾನೆಯಿಂದ ಬಂದ ಅನೇಕ ಭಾರೀ ಪಿಕಪ್‌ಗಳ ನಟ್‌ಗಳಿಗೆ ತಿರುಗುವ ಚಪ್ಪಟೆ ಬಿಲ್ಲೆಯಿರುತ್ತದೆ; ಹೊರಗೆ ಕೊಳ್ಳುವ ಚಕ್ರಗಳಲ್ಲಿ ಬಹುಪಾಲು ಶಂಕುವಿನಾಕಾರದ ನಟ್ ಕೇಳುತ್ತವೆ. ಚಪ್ಪಟೆ ನಟ್ಟನ್ನು ಶಂಕುವಿನ ಕುಳಿಗೆ ಬಿಗಿದರೆ ಅದು ಅಂಚಿನಲ್ಲಷ್ಟೇ ತಾಗಿ, ಬಿಗಿದಂತೆ ತೋರಿ, ಕೆಲವೇ ಓಟಗಳಲ್ಲಿ ಸಡಿಲಾಗುತ್ತದೆ. ಸ್ಟಡ್‌ನ ಥ್ರೆಡ್ ನಟ್ಟಿನೊಳಗೆ ಕನಿಷ್ಠ ಸ್ಟಡ್‌ನ ದಪ್ಪದಷ್ಟು ಹಿಡಿದಿರಬೇಕು. ಎಂ14×1.5 ಅಳತೆಯ ಸ್ಟಡ್ ಆದರೆ 14 ಮಿಲಿಮೀಟರ್, ಅಂದರೆ ಒಂಬತ್ತೂವರೆ ಸುತ್ತು. ನಟ್ಟನ್ನು ಕೈಯಿಂದ ಏರಿಸುತ್ತಾ ಸುತ್ತುಗಳನ್ನು ಎಣಿಸಿ. ಅಷ್ಟಕ್ಕೂ ಮುನ್ನ ಅದು ಚಕ್ರಕ್ಕೆ ತಾಗಿ ನಿಂತರೆ ಉದ್ದನೆಯ ಸ್ಟಡ್ ಹಾಕಿಸದೆ ಮುಂದುವರಿಯಬೇಡಿ.

6. ಟೈರನ್ನು ರಿಮ್ಮಿಗೆ ಏರಿಸಿ

ಈ ಕೆಲಸವನ್ನು ಯಂತ್ರವುಳ್ಳ ಅಂಗಡಿಯಲ್ಲಿ ಮಾಡಿಸುವುದೇ ಸರಿ, ಆದರೆ ಪಕ್ಕದಲ್ಲಿ ನಿಂತು ನೋಡಿ. ಗೋಡೆಯ ಮೇಲೆ ತಿರುಗುವ ದಿಕ್ಕಿನ ಬಾಣವಿದ್ದರೆ ಎಡ, ಬಲ ಅದಲುಬದಲಾಗದಿರಲಿ. ಬೀಡ್, ಅಂದರೆ ರಿಮ್ಮಿನ ಅಂಚಿಗೆ ಕೂರುವ ಟೈರಿನ ಉಕ್ಕಿನ ಬಳೆಯ ಭಾಗ, ಸರಿಯಾಗಿ ಕೂರಲೆಂದು 40 ಪಿಎಸ್‌ಐ ಮೀರಿ ಗಾಳಿ ತುಂಬಲು ಬಿಡಬೇಡಿ. ಅಷ್ಟಕ್ಕೂ ಕೂರದಿದ್ದರೆ ಗಾಳಿ ಇಳಿಸಿ, ಲೇಪನ ಹಚ್ಚಿ ಮತ್ತೆ ಪ್ರಯತ್ನಿಸಬೇಕು. ರಬ್ಬರಿನ ವಾಲ್ವ್ ಬದಲು ಲೋಹದ ವಾಲ್ವ್ ಹಾಕಿಸಿ.

ಕಡಿಮೆ ಗಾಳಿಯಲ್ಲಿ ಭಾರೀ ತಿರುಚುಬಲ ಬಿದ್ದಾಗ ಟೈರು ನಿಂತಲ್ಲೇ ಇದ್ದು ರಿಮ್ ಅದರೊಳಗೆ ತಿರುಗಿಬಿಡುವುದುಂಟು. ಇದನ್ನು ಕಂಡುಹಿಡಿಯಲು ಟೈರಿಗೂ ರಿಮ್ಮಿಗೂ ಸೇರುವಂತೆ ಒಂದು ಬಿಳಿ ಗೆರೆ ಎಳೆಯಿರಿ. ಪ್ರತಿ ಓಟದ ನಂತರ ಆ ಗೆರೆ ಒಡೆದಿದೆಯೇ ಎಂದು ನೋಡಿ. ಒಡೆದಿದ್ದರೆ ಗಾಳಿ ಹೆಚ್ಚಿಸಬೇಕು, ಅಥವಾ ಟೈರಿನ ಅಂಚನ್ನು ಬೋಲ್ಟ್ ಬಳೆಯಿಂದ ಬಿಗಿಹಿಡಿಯುವ ಬೀಡ್‌ಲಾಕ್ ಚಕ್ರಕ್ಕೆ ಹೋಗಬೇಕು. ರಿಮ್ಮಿಗೆ ನೀವೇ ತೂತು ಕೊರೆದು ಸ್ಕ್ರೂ ಹೊಡೆಯುವ ಉಪಾಯ ಬೇಡ.

7. ವಾಹನಕ್ಕೆ ಜೋಡಿಸಿ

ಗಟ್ಟಿ, ಸಮತಟ್ಟಾದ ನೆಲದ ಮೇಲೆ ವಾಹನ ನಿಲ್ಲಿಸಿ, ಎತ್ತದ ಅಚ್ಚಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುವುದರಿಂದ ಹಿಂಭಾಗವನ್ನು ಎತ್ತಿದಾಗ ಅದನ್ನು ನಂಬಿಕೊಳ್ಳುವಂತಿಲ್ಲ. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಕಾಲು ಸುತ್ತು ಸಡಿಲಿಸಿ. ಆಮೇಲೆ ಕೈಪಿಡಿ ತೋರಿಸುವ ಜಾಗಕ್ಕೆ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಇಳಿಸಿ. ಡಿಫರೆನ್ಷಿಯಲ್‌ನ ತಗಡಿನ ಮುಚ್ಚಳಕ್ಕೆ ಜಾಕ್ ಒತ್ತಬೇಡಿ.

ಹಬ್‌ನ ಮುಖವನ್ನೂ ಚಕ್ರದ ಹಿಂಬದಿಯನ್ನೂ ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕಿನ ಪದರವನ್ನು ತೆಗೆಯಿರಿ. ಉಳಿದುಹೋದ ತುಕ್ಕು ಒಂದೆರಡು ಓಟದಲ್ಲಿ ಪುಡಿಯಾಗಿ ಉದುರಿದರೆ ನಟ್‌ಗಳು ತಾವಾಗಿ ಸಡಿಲಾಗುತ್ತವೆ. ಥ್ರೆಡ್‌ಗೆ ಎಣ್ಣೆ ಹಚ್ಚಬೇಡಿ. ಎಣ್ಣೆ ಹಚ್ಚಿದ ಸ್ಟಡ್ ಅದೇ ಟಾರ್ಕ್‌ನಲ್ಲಿ ಅಳತೆ ಮೀರಿ ಹಿಗ್ಗುತ್ತದೆ. ಎಲ್ಲ ನಟ್‌ಗಳನ್ನೂ ಕೈಯಿಂದ ಏರಿಸಿ, ಎದುರುಬದುರಿನ ಕ್ರಮದಲ್ಲಿ ಅರ್ಧ ಬಿಗಿದು, ಚಕ್ರವನ್ನು ನೆಲಕ್ಕೆ ತಾಗಿಸಿದ ಮೇಲೆ ಟಾರ್ಕ್ ವ್ರೆಂಚ್‌ನಿಂದ ಪೂರ್ತಿ ಬಿಗಿಯಿರಿ. ಸಿಲ್ವರಾಡೊ 2500 ಎಚ್‌ಡಿಗೆ ತಯಾರಕರು ಹೇಳುವುದು 190 ನ್ಯೂಟನ್ ಮೀಟರ್, ಫೋರ್ಡ್ ಸೂಪರ್ ಡ್ಯೂಟಿಗೆ 224; ನಿಮ್ಮ ವರ್ಷದ ಮಾದರಿಯ ಅಂಕಿಯನ್ನು ಕೈಪಿಡಿಯಲ್ಲಿ ನೋಡಿ, ಚಕ್ರದ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನು ಅನುಸರಿಸಿ. ಗಾಳಿಯ ಗನ್ನಿನಿಂದ ಕೊನೆಯ ಬಿಗಿತ ಕೊಡಬೇಡಿ. ಮೊದಲ ಓಟದ ನಂತರ ಒಮ್ಮೆ, ರಸ್ತೆಯಲ್ಲಿ ಓಡಿಸಿದ್ದರೆ 80ರಿಂದ 160 ಕಿಲೋಮೀಟರ್ ಒಳಗೆ ಇನ್ನೊಮ್ಮೆ ಪರೀಕ್ಷಿಸಿ.

ಸ್ಟೇರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿ. ಹಿಂಭಾಗವು ಹೊರಡುವಾಗ ಕುಗ್ಗುವುದರಿಂದ ತೊಟ್ಟಿಯಲ್ಲಿ ತೂಕವಿಟ್ಟೂ ಅಂತರ ಅಳೆಯಿರಿ. ಸುತ್ತಲೂ ಸುಮಾರು 25 ಮಿಲಿಮೀಟರ್ ತೆರಪಿರುವುದು ಒಳ್ಳೆಯದು. ಉಬ್ಬುವ ಸ್ಲಿಕ್‌ಗೆ ಇನ್ನೂ ಹೆಚ್ಚು.

8. ಪಥದಲ್ಲಿ ಗಾಳಿಯನ್ನು ಹೊಂದಿಸಿ

ಪಥ ತಲುಪುವವರೆಗೆ ಪೂರ್ತಿ ಗಾಳಿ ಇರಲಿ. ಕಾರಿನವರು ಹೇಳುವ 15ರಿಂದ 18 ಪಿಎಸ್‌ಐ ನಿಮಗಲ್ಲ. ಟೈರ್ ತಯಾರಕರ ಸೂಚನೆ ಇದ್ದರೆ ಅದರಿಂದ, ಇಲ್ಲದಿದ್ದರೆ 30 ಪಿಎಸ್‌ಐ ಆಸುಪಾಸಿನಿಂದ ಆರಂಭಿಸಿ, ಒಂದೊಂದೇ ಪಿಎಸ್‌ಐ ಇಳಿಸುತ್ತಾ ಬನ್ನಿ. ಟೈರು ಪಥದ ಮೇಲೆ ಬಿಟ್ಟ ಕಪ್ಪು ಪಟ್ಟೆಯನ್ನು ನೋಡಿ: ನಡುವೆ ಮಾತ್ರ ಗಾಢವಾಗಿದ್ದರೆ ಗಾಳಿ ಹೆಚ್ಚಾಗಿದೆ, ಎರಡು ಅಂಚುಗಳಲ್ಲಿ ಮಾತ್ರ ಗಾಢವಾಗಿದ್ದರೆ ಕಡಿಮೆಯಾಗಿದೆ. ಪಟ್ಟೆ ಸಮವಾಗಿ ಬಂದಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಇಳಿಸಿದರೆ ಸಿಗುವುದು ಹಿಡಿತವಲ್ಲ, ತೂಗಾಟ. ಸುಮಾರು ಐದೂವರೆ ಡಿಗ್ರಿ ಸೆಲ್ಸಿಯಸ್ ಬಿಸಿಗೆ ಒಂದು ಪಿಎಸ್‌ಐ ಏರುವುದರಿಂದ ಪ್ರತಿ ಸಲವೂ ಒಂದೇ ಸ್ಥಿತಿಯಲ್ಲಿ, ಬಿಸಿಲಿಗೆ ಬೀಳದ ಟೈರಿನಲ್ಲಿ ಅಳೆಯಿರಿ.

ಬರ್ನ್‌ಔಟ್, ಎಂದರೆ ಹೊರಡುವ ಮೊದಲು ಚಕ್ರಗಳನ್ನು ನಿಂತಲ್ಲೇ ಸುತ್ತಿಸಿ ರಬ್ಬರನ್ನು ಬಿಸಿ ಮಾಡುವುದು. ಅದನ್ನು ಎರಡು ಚಕ್ರ ಚಾಲನೆಯಲ್ಲಿ ಚಿಕ್ಕದಾಗಿ ಮುಗಿಸಿ. ಗೀರುಗಳಿರುವ ಟೈರು ನೀರನ್ನು ಹೊರಡುವ ಗೆರೆಯವರೆಗೂ ಹೊತ್ತು ತರುತ್ತದೆ, ಆದ್ದರಿಂದ ಬರ್ನ್‌ಔಟ್‌ಗೆಂದು ಪಥದಲ್ಲಿ ಮಾಡಿರುವ ನೀರಿನ ಗುಂಡಿಯಿಂದ ಹೊರಬಂದ ಮೇಲೆಯೇ ಚಕ್ರ ಸುತ್ತಿಸಿ. ವಾಹನ ಪೂರ್ತಿ ನಿಂತ ನಂತರವೇ ನಾಲ್ಕು ಚಕ್ರ ಚಾಲನೆಗೆ ಹಾಕಿ. ಹಿಂದಿನ ಚಕ್ರ ಸುತ್ತುತ್ತಿರುವಾಗ ಹಾಕಿದರೆ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ.

9. ಹಿಡಿತ ಬಂದ ಮೇಲೆ ಏನು ಮುರಿಯುತ್ತದೆ

ಹಳೆಯ ಟೈರು ಜಾರುತ್ತಿದ್ದಾಗ ಹೆಚ್ಚುವರಿ ಬಲ ಹೊಗೆಯಾಗಿ ಹೋಗುತ್ತಿತ್ತು. ಈಗ ಆ ಬಲವನ್ನು ತಡೆಯಬೇಕಾದವು ಅಚ್ಚಿನ ದಂಡಗಳು, ಗೇರ್‌ಬಾಕ್ಸಿನ ಕಡೆಯಿಂದ ಅಚ್ಚಿಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟ್ ಮತ್ತು ಯೂನಿವರ್ಸಲ್ ಜಾಯಿಂಟ್ ಎಂಬ ಬಾಗಬಲ್ಲ ಕೀಲುಗಳು. ಹಿಂದಿನ ಕಮಾನು ಪಟ್ಟಿ ತಿರುಚಿಕೊಂಡು ಚಕ್ರ ಕುಪ್ಪಳಿಸತೊಡಗಿದರೆ ತಕ್ಷಣ ಆಕ್ಸಿಲರೇಟರ್ ಬಿಡಿ; ಟ್ರ್ಯಾಕ್ಷನ್ ಬಾರ್, ಎಂದರೆ ಅಚ್ಚು ತಿರುಚದಂತೆ ಚಾಸಿಗೆ ಜೋಡಿಸುವ ದಂಡ, ಹಾಕಿಸುವವರೆಗೆ ಮತ್ತೆ ಓಡಿಸಬೇಡಿ. ಮುಂದೆ ಸ್ವತಂತ್ರ ಸಸ್ಪೆನ್ಷನ್ ಇರುವ ಪಿಕಪ್‌ಗಳಲ್ಲಿ ನಾಲ್ಕು ಚಕ್ರಗಳಿಂದ ಬಿರುಸಾಗಿ ಹೊರಡುವಾಗ ಮುಂದಿನ ಚಕ್ರಗಳು ಒಳಮುಖವಾಗಿ ತಿರುಗಲು ಒತ್ತಿ ಟೈ ರಾಡ್ (ಸ್ಟೇರಿಂಗಿನ ಚಲನೆಯನ್ನು ಚಕ್ರಕ್ಕೆ ಒಯ್ಯುವ ದಂಡ) ಬಾಗುವುದು ತಿಳಿದ ತೊಂದರೆ. ಅದಕ್ಕೆ ಬಲವರ್ಧಕ ಕೊಳವೆ ಹಾಕಿಸಿ.

ನಿಯಮಗಳನ್ನೂ ನೋಡಿಕೊಳ್ಳಿ. ಅಮೆರಿಕದ ಡ್ರ್ಯಾಗ್ ಓಟದ ಸಂಘಟನೆ ಎನ್‌ಎಚ್‌ಆರ್‌ಎಯ ನಿಯಮದಂತೆ ಸ್ಲಿಕ್ ಹಾಕಿಕೊಂಡು 402 ಮೀಟರನ್ನು 13.99 ಸೆಕೆಂಡ್ ಅಥವಾ ಅದಕ್ಕೂ ಬೇಗ ಮುಗಿಸುವ ವಾಹನಕ್ಕೆ ಪ್ರೊಪೆಲರ್ ಶಾಫ್ಟ್ ತುಂಡಾದರೆ ನೆಲಕ್ಕೆ ಬೀಳದಂತೆ ಹಿಡಿಯುವ ಉಕ್ಕಿನ ಬಳೆ ಕಡ್ಡಾಯ. ರಸ್ತೆ ಟೈರಿನಲ್ಲಿ 11.49 ಸೆಕೆಂಡ್ ಅಥವಾ ಅದಕ್ಕಿಂತ ನಿಧಾನವಾಗಿ ಓಡುವವರಿಗೆ ಅದರಿಂದ ವಿನಾಯಿತಿಯಿದೆ. ಅಂದರೆ 13.5 ಸೆಕೆಂಡಿನ ಪಿಕಪ್‌ಗೆ ನಿನ್ನೆಯವರೆಗೆ ಬೇಡವಾಗಿದ್ದ ಬಳೆ ಸ್ಲಿಕ್ ಹಾಕಿದ ದಿನವೇ ಬೇಕಾಗುತ್ತದೆ. ತಪಾಸಣೆಯಲ್ಲಿ ವಾಪಸ್ ಕಳಿಸಲಿ, ಬಿಡಲಿ, ಮೂರು ಟನ್ನಿನ ಪಿಕಪ್‌ಗೆ ಆ ಬಳೆಯನ್ನು ಮೊದಲೇ ಹಾಕಿಸಿರುವುದು ಜಾಣತನ.

ಓಟ ಮುಗಿದ ಮೇಲೆ ರಸ್ತೆಯ ಚಕ್ರಗಳನ್ನು ಅವುಗಳದೇ ನಟ್‌ಗಳಿಂದ ಬಿಗಿದು, ಕಂಪ್ಯೂಟರಿನಲ್ಲಿ ಹಳೆಯ ಸುತ್ತಳತೆಯನ್ನು ಮರಳಿ ನಮೂದಿಸಿ. ಡ್ರ್ಯಾಗ್ ಟೈರುಗಳನ್ನು ಬಿಸಿಲು ಬೀಳದ ಕಡೆ ಮುಚ್ಚಿಡಿ. ತಾಪಮಾನ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುವ ಜಾಗದಲ್ಲಿ ಈ ಮೆತ್ತನೆಯ ರಬ್ಬರು ಗಡುಸಾಗಿ ಬಿರುಕು ಬಿಡಬಹುದು. ಹಾಗೆ ತಣ್ಣಗಾಗಿದ್ದ ಟೈರನ್ನು ಬೆಚ್ಚಗಾಗುವ ಮುನ್ನ ಉರುಳಿಸಬೇಡಿ, ಬಗ್ಗಿಸಬೇಡಿ.